ಅಜ್ಜಿಯ ಕೋಳಿಗೂಡಿಗೆ ಕಿಟಕಿ ಇರಲಿಲ್ಲ

2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನ ಅರ್ಧ ಐಟಿ ಜನ ಊರಿಗೆ ವಾಪಸ್ ಬಂದರಲ್ಲ, ಆಗ ಕೆಲವರು ಬ್ರೆಡ್ ಮಾಡಲು ಕಲಿತರು, ಕೆಲವರು ಗಿಟಾರ್ ಹಿಡಿದರು. ನಾನು ಕೋಳಿಗೂಡು ಕಟ್ಟಿದೆ.

ನಮ್ಮ ಮನೆ ಇರುವುದು ಕಾರ್ಕಳ ತಾಲೂಕಿನಲ್ಲಿ, ಬೆಳ್ಮಣ್ಣಿನಿಂದ ಸ್ವಲ್ಪ ಒಳಗೆ. ಹಿತ್ತಲಿನಲ್ಲಿ ಬಚ್ಚಲಿಗೆ ತಾಗಿಕೊಂಡು ಅಜ್ಜಿಯ ಕಾಲದ ಒಂದು ಗೂಡಿತ್ತು. ಹಿಂದಿನ ಮಳೆಗಾಲದಲ್ಲಿ ಅದಕ್ಕೆ ಹೆಬ್ಬಾವು ನುಗ್ಗಿ ಎರಡು ಹೇಂಟೆ ನುಂಗಿ, ಹೊಟ್ಟೆ ಉಬ್ಬಿ ಹೊರಗೆ ಬರಲಾಗದೆ ಅಲ್ಲೇ ಮಲಗಿತ್ತು. ಅಮ್ಮ ಆ ಕಥೆಯನ್ನು ಫೋನಿನಲ್ಲಿ ಹೇಳಿದಾಗಲೇ ನಾನು ತೀರ್ಮಾನ ಮಾಡಿದ್ದೆ, ಹಾವಿಗೆ ಎಂಟ್ರಿಯೇ ಇಲ್ಲದ ಗೂಡು ಕಟ್ಟಬೇಕು ಅಂತ. ಮೇ ತಿಂಗಳಲ್ಲಿ ಸಿಮೆಂಟ್ ಬ್ಲಾಕ್ ತರಿಸಿ, ಒಳಗೂ ಹೊರಗೂ ಸಾರಣೆ ಮಾಡಿಸಿ, ಸಿಮೆಂಟಿನ ನೆಲ ಹಾಕಿಸಿ, ಮೇಲೆ ಶೀಟ್ ಹೊದೆಸಿದೆ. ಪೂರ್ವಕ್ಕೆ ಜಾಲಿಯ ಬಾಗಿಲು. ಮಳೆ ಬಂದರೆ ಮುಚ್ಚಲು ಅದರ ಮೇಲೊಂದು ಪ್ಲೈವುಡ್ ಹಲಗೆ. ನೆಲಕ್ಕೆ ಮರದ ಹೊಟ್ಟು. ಹನ್ನೆರಡು ಗಿರಿರಾಜ ಮರಿಗಳು. ಫೋಟೊ ತೆಗೆದು ಆಫೀಸಿನ ಗ್ರೂಪಿಗೆ ಹಾಕಿದ್ದೆ. ಒಬ್ಬ ಮ್ಯಾನೇಜರು "ಪ್ರೊಡಕ್ಷನ್ ರೆಡಿ" ಅಂತ ಬರೆದಿದ್ದರು.

ಆಟಿ ತಿಂಗಳ ಮಳೆ ಹಿಡಿದ ಮೇಲೆ ಒಂದೇ ವಾರದಲ್ಲಿ ಐದು ಕೋಳಿ ಸತ್ತವು.

"ಕೋರಿಗ್ ಸೀಕ್" ಅಂದರು ಅಮ್ಮ. ಕೋಳಿಗೆ ಕಾಯಿಲೆ. ಪಕ್ಕದ ಮನೆಯವರೂ ಅದನ್ನೇ ಹೇಳಿದರು. ನಮ್ಮ ಕಡೆ ಕೋಳಿ ಸತ್ತರೆ ಮೊದಲು ಬರುವ ಹೆಸರು ಕೊಕ್ಕರೆ ರೋಗ. ಹಾಗೆ ಹೆದರುವುದಕ್ಕೆ ಕಾರಣವೂ ಉಂಟು. ಈ ರೋಗವನ್ನು ಮೊದಲು ಗುರುತಿಸಿದ್ದು 1926ರಲ್ಲಿ, ಜಾವಾದಲ್ಲಿ ಮತ್ತು ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ. ಮರುವರ್ಷವೇ ಕುಮಾವೂನಿನ ಗುಡ್ಡದ ಊರು ರಾಣಿಖೇತದಲ್ಲಿ ಕಾಣಿಸಿಕೊಂಡಿತು, ಭಾರತದಲ್ಲಿ ಆ ಊರಿನ ಹೆಸರೇ ರೋಗಕ್ಕೂ ಅಂಟಿತು. 1940ರ ದಶಕದಲ್ಲಿ ಅಲ್ಲೇ ಹತ್ತಿರದ ಮುಕ್ತೇಶ್ವರದ ಸಂಸ್ಥೆಯಲ್ಲಿ ಲಸಿಕೆ ತಯಾರಾಯಿತು. ಅದಕ್ಕೂ ಮುಂಚೆ ಒಂದು ಊರಿಗೆ ಈ ರೋಗ ಬಂದರೆ ಹಿತ್ತಲು ಹಿತ್ತಲೇ ಖಾಲಿ. ಆದರೆ ನನ್ನ ಕೋಳಿಗಳಿಗೆ ಲಸಿಕೆ ಆಗಿತ್ತು. ಕತ್ತು ತಿರುಚಿಕೊಳ್ಳಲಿಲ್ಲ, ಹಸಿರು ಭೇದಿ ಆಗಲಿಲ್ಲ. ಕಣ್ಣಲ್ಲಿ ನೀರು, ಗೊರ್ ಗೊರ್ ಉಸಿರು, ಮತ್ತೆ ಒಂದು ಬೆಳಿಗ್ಗೆ ಬಿದ್ದಿರುತ್ತಿದ್ದವು, ಅಷ್ಟೆ.

ಬಂದ ಪಶುವೈದ್ಯರು ಸತ್ತ ಕೋಳಿಯನ್ನು ನೋಡುವ ಮೊದಲು ಗೂಡನ್ನು ನೋಡಿದರು. "ನೀವು ಒಮ್ಮೆ ಇದರೊಳಗೆ ತಲೆ ಹಾಕಿ, ಒಂದು ನಿಮಿಷ ಹಾಗೇ ಇರಿ" ಅಂದರು. ಮಂಡಿಯೂರಿ ತಲೆ ಹಾಕಿದೆ. ಇಪ್ಪತ್ತು ಸೆಕೆಂಡು ಆಗಿರಬಹುದು. ಕಣ್ಣು ಉರಿದು, ಮೂಗು ಸುಟ್ಟು, ಕೆಮ್ಮುತ್ತಾ ಹೊರಗೆ ಬಂದೆ. ಅವರು ಹೆಚ್ಚೇನೂ ಹೇಳಲಿಲ್ಲ. "ಅವು ಇಡೀ ರಾತ್ರಿ ಅಲ್ಲೇ ಇರ್ತವೆ ಅಲ್ವಾ?" ಅಂತ ಕೇಳಿದರು.

ನಾನು ಬಿಇ ಓದಿದವನು. ಥರ್ಮೊಡೈನಮಿಕ್ಸ್ ಪಾಸಾದವನು. ಹಾವು ಬಾರದ ಗೂಡು ಕಟ್ಟಲು ಹೋಗಿ ಗಾಳಿಯೂ ಬಾರದ ಗೂಡು ಕಟ್ಟಿದ್ದೆ.

ಲೆಕ್ಕ ಹಾಕಿದರೆ ನಾಚಿಕೆಯಾಗುತ್ತದೆ. ಒಂದು ಕೋಳಿ ದಿನಕ್ಕೆ ನೂರು ಗ್ರಾಂ ಆಸುಪಾಸು ಹಿಕ್ಕೆ ಹಾಕುತ್ತದೆ, ಅದರಲ್ಲಿ ಮುಕ್ಕಾಲು ಪಾಲು ನೀರು. ಹನ್ನೆರಡು ಕೋಳಿಗೆ ಒಂದು ಕಿಲೋ ಮೇಲಾಯಿತು. ಬಿಸಿಲಿನ ದಿನಗಳಲ್ಲಾದರೆ ಅರ್ಧ ಹೊರಗೇ ಬೀಳುತ್ತಿತ್ತು. ಆಟಿಯಲ್ಲಿ ಕೋಳಿ ಹಗಲೂ ಒಳಗೇ. ಕೋಳಿಗೆ ಬೇರೆ ಮೂತ್ರ ಅಂತ ಇಲ್ಲ, ಹಿಕ್ಕೆಯ ಮೇಲಿನ ಬಿಳಿ ಭಾಗವೇ ಯೂರಿಕ್ ಆಮ್ಲ. ಅದು ಒದ್ದೆಯಾದರೆ ಬ್ಯಾಕ್ಟೀರಿಯಾ ಅದನ್ನು ಅಮೋನಿಯಾ ಮಾಡುತ್ತದೆ. ಗೂಡಿನ ಗಾಳಿಯಲ್ಲಿ ಅಮೋನಿಯಾ ಹತ್ತು ಲಕ್ಷದಲ್ಲಿ 25 ಭಾಗ ಮೀರಬಾರದು ಎನ್ನುವುದು ಕೋಳಿ ಸಾಕುವವರ ಸಾಮಾನ್ಯ ಲೆಕ್ಕ. ಮನುಷ್ಯನ ಕಣ್ಣು ಉರಿಯುವ ಮಟ್ಟಕ್ಕೆ ಬಂದಿದೆ ಅಂದರೆ ಅದು ಯಾವತ್ತೋ ಮೀರಿದೆ ಅಂತ. ನಾನು ಹಾಕಿದ್ದ ಮರದ ಹೊಟ್ಟು ಕೂಡ ಒಳ್ಳೆಯ ಉಪಾಯವೇ, ಆಳವಾಗಿ ಹಾಸಿ ಆಗಾಗ ಮಗುಚಿದರೆ. ಅಮೆರಿಕದ ಓಹಾಯೋದಲ್ಲಿ 1940ರ ದಶಕದಲ್ಲಿ ಹೆಸರು ಮಾಡಿದ ಪದ್ಧತಿ ಅದು. ಹೊಟ್ಟು ಒಣಗಿರಬೇಕು, ಅಷ್ಟೇ ಷರತ್ತು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬೀಳುವ, ಅದರಲ್ಲಿ ಹೆಚ್ಚಿನದ್ದು ನಾಲ್ಕೇ ತಿಂಗಳಲ್ಲಿ ಸುರಿಯುವ ಉಡುಪಿ ಜಿಲ್ಲೆಯಲ್ಲಿ, ಮುಚ್ಚಿದ ಪೆಟ್ಟಿಗೆಯೊಳಗೆ, ಎಂತದ್ದು ಒಣಗುವುದು ಮಾರಾಯ್ರೆ?

ಇನ್ನೊಂದು ವಿಷಯ ನನಗೆ ಆಮೇಲೆ ಗೊತ್ತಾಯಿತು. ಹಕ್ಕಿಯ ಉಸಿರಾಟ ನಮ್ಮ ಹಾಗಲ್ಲ. ನಮ್ಮ ಶ್ವಾಸಕೋಶ ತಿದಿಯ ಹಾಗೆ, ಗಾಳಿ ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ಕೋಳಿಯ ಮೈಯೊಳಗೆ ಒಂಬತ್ತು ಗಾಳಿಚೀಲಗಳಿವೆ. ಅವುಗಳ ಸಹಾಯದಿಂದ ಗಾಳಿ ಶ್ವಾಸಕೋಶದಲ್ಲಿ ಒಂದೇ ದಿಕ್ಕಿಗೆ ಹರಿಯುತ್ತದೆ, ಉಸಿರು ಎಳೆದುಕೊಂಡಾಗಲೂ ಬಿಟ್ಟಾಗಲೂ ಹೊಸ ಗಾಳಿ ಸಿಗುತ್ತದೆ. ಹಾರುವ ಪ್ರಾಣಿಗೆ ಬೇಕಾದ ವ್ಯವಸ್ಥೆ. ಆದರೆ ಒಳ್ಳೆಯ ಗಾಳಿಯನ್ನು ಅಷ್ಟು ಚೆನ್ನಾಗಿ ಹೀರುವ ಮೈ ಕೆಟ್ಟ ಗಾಳಿಯನ್ನೂ ಅಷ್ಟೇ ಚೆನ್ನಾಗಿ ಹೀರುತ್ತದೆ. 1890ರ ದಶಕದಲ್ಲಿ ಜೆ.ಎಸ್. ಹಾಲ್ಡೇನ್ ಎಂಬ ವಿಜ್ಞಾನಿ ಕಲ್ಲಿದ್ದಲ ಗಣಿಯೊಳಗೆ ಸಣ್ಣ ಹಕ್ಕಿಯನ್ನು ಒಯ್ಯಿರಿ ಅಂತ ಸೂಚಿಸಿದ್ದು ಇದಕ್ಕೇ. ವಿಷಾನಿಲ ಇದ್ದರೆ ಮೊದಲು ಹಕ್ಕಿ ಬೀಳುತ್ತದೆ, ಮನುಷ್ಯನಿಗೆ ಓಡಲು ಸಮಯ ಸಿಗುತ್ತದೆ. ಬ್ರಿಟನ್ನಿನ ಗಣಿಗಳಲ್ಲಿ 1986ರವರೆಗೂ ಕೆನರಿ ಹಕ್ಕಿ ಕೆಲಸದಲ್ಲಿತ್ತು. ಆಮೇಲೆ ಯಂತ್ರ ಬಂತು. ನನ್ನ ಗೂಡಿನಲ್ಲಿ ಐದು ಕೆನರಿಗಳು ಬಿದ್ದ ಮೇಲೆ ನನಗೆ ವಾಸನೆ ಬಂತು.

ಹಾಗಾದರೆ ಅಜ್ಜಿಯ ಗೂಡಿನಲ್ಲಿ ಯಾಕೆ ಹೀಗಾಗಲಿಲ್ಲ? ಅದಕ್ಕೆ ಕಿಟಕಿಯೇ ಇರಲಿಲ್ಲವಲ್ಲ! ಪುಣ್ಯಕ್ಕೆ ಅದನ್ನು ಕೆಡವಿರಲಿಲ್ಲ, ಸೌದೆ ತುಂಬಿಸಿ ಇಟ್ಟಿದ್ದೆವು. ಸೌದೆ ಖಾಲಿ ಮಾಡಿ, ಮೊದಲ ಸಲ ಅದನ್ನು ಸರಿಯಾಗಿ ನೋಡಿದೆ. ಮೂವತ್ತು ವರ್ಷ ಅದರ ಪಕ್ಕದಲ್ಲೇ ಹಲ್ಲುಜ್ಜಿದ್ದೇನೆ.

ನಾಲ್ಕು ಮುರಕಲ್ಲಿನ ಮೇಲೆ ನೆಲದಿಂದ ಒಂದೂವರೆ ಅಡಿ ಎತ್ತರ. ತಳಕ್ಕೆ ಅಡಿಕೆ ಮರದ ಸಲಾಕೆ, ಒಂದೊಂದರ ನಡುವೆ ಬೆರಳು ತೂರುವಷ್ಟು ಸಂದು. ಹಿಕ್ಕೆ ಬಿದ್ದರೆ ನೇರ ಕೆಳಗೆ, ಅಲ್ಲಿ ಅಜ್ಜಿ ಒಲೆಯ ಬೂದಿ ಹರಡುತ್ತಿದ್ದರು, ವಾರಕ್ಕೊಮ್ಮೆ ಕೆರೆದು ತೆಂಗಿನ ಬುಡಕ್ಕೆ. ಗೋಡೆಗೂ ಸಲಾಕೆಯೇ. ಕೆಳಗೆ, ಕೋಳಿ ಕೂರುವ ಎತ್ತರದವರೆಗೆ, ಒತ್ತೊತ್ತಾಗಿ ಹೊಡೆದದ್ದು. ಅದರ ಮೇಲೆ ಬಿಡಿಬಿಡಿ. ಮಾಡಿಗೆ ಹೆಂಚು, ಹೆಂಚಿನ ಕೆಳಗೆ ಹಲಗೆ ಗಿಲಗೆ ಏನೂ ಇಲ್ಲ. ಪಕ್ಕಾಸು, ರೀಪು, ಹೆಂಚು, ಅಷ್ಟೆ. ಸೂರು ನಾಲ್ಕೂ ಕಡೆ ಎರಡಡಿ ಹೊರಗೆ ಚಾಚಿದೆ. ಬಚ್ಚಲೊಲೆಯ ಗೋಡೆ ಒಂದು ಬದಿಗೆ. ಬೆಳಗ್ಗೆ ಸಂಜೆ ನೀರು ಕಾಯಿಸುವಾಗ ಅದರ ಹೊಗೆ ಗೂಡಿನೊಳಗೆ ಸುಳಿದು ಹೆಂಚಿನ ಸಂದಿನಲ್ಲಿ ಹೊರಗೆ ಹೋಗುತ್ತಿತ್ತು. ಕೋಳಿಹೇನು ಕಡಿಮೆ, ಸೊಳ್ಳೆ ಕಡಿಮೆ.

ಕಿಟಕಿ ಇಲ್ಲ ಯಾಕೆಂದರೆ ಇಡೀ ಗೂಡೇ ಕಿಟಕಿ.

ಇಲ್ಲಿ ಒಂದು ಸೂಕ್ಷ್ಮ ಇದೆ, ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಕೆಲವು ದಿನ ಬೇಕಾಯಿತು. ಗಾಳಿ ಆಡುವುದು ಬೇರೆ, ಗಾಳಿ ಬೀಸುವುದು ಬೇರೆ. ಮಲಗಿದ ಕೋಳಿಯ ಮೈಗೆ ಒದ್ದೆ ಗಾಳಿ ನೇರ ಬಡಿಯಬಾರದು, ಗರಿಯೊಳಗಿನ ಬೆಚ್ಚಗಿನ ಗಾಳಿ ಹಾರಿಹೋಗುತ್ತದೆ. ಅದಕ್ಕೇ ಕೆಳಗಿನ ಸಲಾಕೆ ಒತ್ತು. ಆದರೆ ತಲೆಯ ಮೇಲಿನ ಗಾಳಿ ಸದಾ ಬದಲಾಗುತ್ತಿರಬೇಕು. ಕೋಳಿಯ ಮೈ 41 ಡಿಗ್ರಿ ಬಿಸಿ, ಉಸಿರೂ ಬಿಸಿ, ತೇವ. ಅದು ಮೇಲೇರಿ ಹೆಂಚಿನ ಸಂದಿನಲ್ಲಿ ನುಸುಳಿ ಹೋಗುತ್ತದೆ, ಹೋದಷ್ಟು ಜಾಗಕ್ಕೆ ತಳದ ಸಲಾಕೆಯಿಂದ ಹೊಸ ಗಾಳಿ ಬರುತ್ತದೆ. ಚಿಮಣಿ ತತ್ವ. ನಿಜ ಹೇಳಬೇಕೆಂದರೆ ಮೂರಡಿ ಎತ್ತರದ ಗೂಡಿನಲ್ಲಿ ಚಿಮಣಿಯ ಸೆಳೆತ ತೀರಾ ಕಡಿಮೆ, ಹೆಚ್ಚಿನ ಕೆಲಸ ಮಾಡುವುದು ಹೊರಗಿನ ಗಾಳಿಯೇ. ಆದರೂ ಗಾಳಿಯೇ ಇಲ್ಲದೆ ಧೋ ಅಂತ ಸುರಿಯುವ ರಾತ್ರಿಗಳಲ್ಲಿ ಆ ಸಣ್ಣ ಸೆಳೆತವೂ ಲೆಕ್ಕಕ್ಕೆ ಬರುತ್ತದೆ.

ಈ ಗೂಡನ್ನು ಅಜ್ಜಿ ಎಲ್ಲೂ ಕಲಿತದ್ದಲ್ಲ. ಇದಕ್ಕೊಂದು ಚರಿತ್ರೆ ಇದೆ, ಮತ್ತು ಅದು ನಮ್ಮ ಮನೆಗಳ ಚರಿತ್ರೆಯೇ. ತುಳುನಾಡಿನ ಹಿತ್ತಲಿನ ಕೋಳಿಗೂಡು ಅಂದರೆ ಮನೆಯ ಕೊನೆಯ ಮಗನ ಹಾಗೆ. ಅವನಿಗೆ ಹೊಸ ಬಟ್ಟೆ ಹೊಲಿಸುವವರಿಲ್ಲ. ಅಣ್ಣಂದಿರಿಗೆ ಸಣ್ಣದಾದದ್ದು ಅವನಿಗೆ. ಅಜ್ಜಿ ಮದುವೆಯಾಗಿ ಬಂದಾಗ ಮನೆಗೆ ಮುಳಿಹುಲ್ಲಿನ ಮಾಡು, ಗೂಡಿಗೂ ಮುಳಿಹುಲ್ಲೇ. ಮನೆಗೆ ಹೆಂಚು ಬಂತು. ಹೆಂಚು ಹಳತಾಗಿ ಮಾಡು ಮಗುಚಿದಾಗ ಹಳೆಯ ಹೆಂಚು ಹಟ್ಟಿಗೆ ಹೋಯಿತು, ಹಟ್ಟಿಯಿಂದ ಬಚ್ಚಲಿಗೆ, ಕೊನೆಗೆ ಕೋಳಿಗೂಡಿಗೆ. ಗೂಡಿನ ಮಾಡಿನಿಂದ ಒಂದು ಹೆಂಚು ತೆಗೆದು ಒರೆಸಿ ನೋಡಿದರೆ ಹಿಂದೆ ಇಂಗ್ಲಿಷ್ ಅಕ್ಷರದಲ್ಲಿ ಬಾಸೆಲ್ ಮಿಷನ್ ಎಂಬ ಅಚ್ಚು! ಪಕ್ಕದ ಸಾಲಿನಲ್ಲಿ ಇನ್ನೊಂದರ ಮೇಲೆ ಕಾಮನ್‌ವೆಲ್ತ್ ಟ್ರಸ್ಟ್.

ಈ ಎರಡು ಅಚ್ಚುಗಳ ನಡುವೆ ಒಂದು ಮಹಾಯುದ್ಧ ಇದೆ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. 1841ರಲ್ಲಿ ಮುದ್ರಣಾಲಯ ಹಾಕಿದರು. ಅದೇ 1841ರಲ್ಲಿ, ಇಲ್ಲಿಗೆ ಸಂಬಂಧವೇ ಇಲ್ಲದ ಹಾಗೆ, ಫ್ರಾನ್ಸಿನ ಅಲ್ಸೇಸ್‌ನಲ್ಲಿ ಗಿಲಾರ್ಡೋನಿ ಸಹೋದರರು ಒಂದಕ್ಕೊಂದು ಕೊಂಡಿ ಹಾಕಿ ಕೂರುವ ಹೆಂಚಿಗೆ ಪೇಟೆಂಟ್ ಪಡೆದಿದ್ದರು. ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಆ ಬಗೆಯ ಹೆಂಚನ್ನು ನೇತ್ರಾವತಿಯ ಜೇಡಿಯಲ್ಲಿ ಸುಟ್ಟು, ಜೆಪ್ಪುವಿನಲ್ಲಿ ಕಾರ್ಖಾನೆ ಶುರು ಮಾಡಿದರು. 1868ರಲ್ಲಿ ಊರಿನವರದೇ ಆದ ಆಲ್ಬುಕರ್ಕ್ ಕಾರ್ಖಾನೆ ಬಂತು. ಮಿಷನ್ನಿನವರು ಮಲ್ಪೆಯಲ್ಲೂ ಒಂದನ್ನು ಹಾಕಿದರು. ಮೊದಲ ಮಹಾಯುದ್ಧ ಬಂದಾಗ ಮಿಷನ್ನಿನಲ್ಲಿ ಜರ್ಮನರು ಇದ್ದಾರೆ ಅಂತ ಬ್ರಿಟಿಷ್ ಸರಕಾರ ಕಾರ್ಖಾನೆಗಳನ್ನೆಲ್ಲ ವಶಪಡಿಸಿಕೊಂಡು, ಆಮೇಲೆ ಕಾಮನ್‌ವೆಲ್ತ್ ಟ್ರಸ್ಟಿಗೆ ಕೊಟ್ಟಿತು. ಯೂರೋಪಿನ ರಾಜರ ಜಗಳದ ದಾಖಲೆ ಬೆಳ್ಮಣ್ಣಿನ ಕೋಳಿಗಳ ತಲೆಯ ಮೇಲೆ ಸಾಲಾಗಿ ಕೂತಿದೆ.

ಮಂಗಳೂರು ಹೆಂಚಿನ ಬಗ್ಗೆ ಬರೆಯುವವರೆಲ್ಲ ಅದು ಮಳೆ ತಡೆಯುವುದನ್ನು ಹೊಗಳುತ್ತಾರೆ. ನನಗೀಗ ಅದರ ದೊಡ್ಡ ಗುಣ ಅನ್ನಿಸುವುದು ಅದು ಪೂರ್ತಿ ಮುಚ್ಚಿಕೊಳ್ಳದೇ ಇರುವುದು. ಮೇಲಿನಿಂದ ಬರುವ ನೀರಿಗೆ ಕೊಂಡಿಯ ಅಂಚು ಅಡ್ಡ. ಕೆಳಗಿನಿಂದ ಏಳುವ ಹೊಗೆಗೆ ದಾರಿ ಉಂಟು. ಹೆಂಚಿನ ಮನೆಯ ಅಡಿಗೆಕೋಣೆಯಲ್ಲಿ ಸೌದೆ ಒಲೆ ಉರಿಸಿ ಹೊರಗೆ ನಿಂತು ನೋಡಿ, ಇಡೀ ಮಾಡು ಉಸಿರು ಬಿಡುತ್ತದೆ. ಕೆಳಗಿನ ಮುರಕಲ್ಲಿಗೂ ಒಂದು ಪರದೇಶದ ಹೆಸರಿದೆ, ಲ್ಯಾಟರೈಟ್. ಟಿಪ್ಪು ಸತ್ತ ಮೇಲೆ ಕಂಪನಿ ಸರಕಾರದ ಪರವಾಗಿ ಮೈಸೂರು, ಕೆನರಾ, ಮಲಬಾರು ಸುತ್ತಿದ ಫ್ರಾನ್ಸಿಸ್ ಬುಕಾನನ್, ಮಲಬಾರಿನ ಅಂಗಾಡಿಪುರಂನಲ್ಲಿ ಜನ ಈ ಕಲ್ಲನ್ನು ಇಟ್ಟಿಗೆಯ ಹಾಗೆ ಕಡಿದು ಕಟ್ಟುವುದನ್ನು ನೋಡಿ, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಹೆಸರು ಮಾಡಿದ. ಪುಸ್ತಕ ಅಚ್ಚಾದದ್ದು 1807ರಲ್ಲಿ. ಅವನು 1801ರಲ್ಲಿ ನಮ್ಮ ಕಾರ್ಕಳ, ಉಡುಪಿಯ ಮೇಲೂ ಹಾದುಹೋಗಿದ್ದಾನೆ.

ಕಾಪುವಿನಲ್ಲಿ ಗೂಡು ಬೇರೆ ಥರ. ಅಮ್ಮನ ತವರು ಅದು, 1901ರ ದೀಪಸ್ತಂಭದಿಂದ ನಡೆದುಹೋಗುವಷ್ಟು ದೂರ. ಅಲ್ಲಿ ಮಳೆ ಮೇಲಿನಿಂದ ಬೀಳುವುದಿಲ್ಲ, ಕಡಲಿನಿಂದ ಅಡ್ಡಕ್ಕೆ ಬರುತ್ತದೆ. ಅದಕ್ಕೆ ಗೂಡಿನ ಬೆನ್ನು ಪಡುವಣಕ್ಕೆ, ಮುಖ ಮೂಡಣಕ್ಕೆ. ಪತ್ತನಾಜೆ ಕಳೆದು ಕೋಲ ನೇಮಗಳೆಲ್ಲ ನಿಂತ ಮೇಲೆ, ಮಳೆಗೆ ಇನ್ನೂ ವಾರ ಎರಡು ವಾರ ಇರುವಾಗ, ತೆಂಗಿನ ಮಡಲು ಹೆಣೆದು ಪಡುವಣ ಬದಿಗೆ ಎರಡು ಪದರ ತಟ್ಟಿ ಕಟ್ಟುವರು. ಉಳಿದ ಮೂರು ಬದಿ ಮುಟ್ಟುವುದಿಲ್ಲ. ದಸರಾ ಹೊತ್ತಿಗೆ ತಟ್ಟಿ ಬಿಚ್ಚಿ ಒಲೆಗೆ. ಬೆಳ್ಮಣ್ಣಿನಲ್ಲಿ ಅಷ್ಟು ಗಾಳಿ ಇಲ್ಲ, ಸುತ್ತ ಗುಡ್ಡ, ತೋಟ. ಇಲ್ಲಿ ಒಂದೇ ಪದರ, ಅದೂ ಅರ್ಧ ಎತ್ತರಕ್ಕೆ. ಕಾಪುವಿನಿಂದ ಬೆಳ್ಮಣ್ಣಿಗೆ ಬಸ್ಸಿನಲ್ಲಿ ಒಂದು ಗಂಟೆಯೂ ಬೇಡ. ಅಷ್ಟರಲ್ಲಿ ಗೂಡಿನ ಡಿಸೈನ್ ಬದಲಾಗಿದೆ. ನಾನು ಯೂಟ್ಯೂಬಿನಲ್ಲಿ ನೋಡಿ ಕಟ್ಟಿದ ಗೂಡು ಯಾವ ದೇಶದ ಹವೆಗೆ ಸರಿಯಾದದ್ದೋ, ದೇವರಿಗೇ ಗೊತ್ತು.

ಆ ದೇಶದವರೂ ಇದೇ ತಪ್ಪು ಮಾಡಿ ಕಲಿತವರೇ. 1840ರ ದಶಕದಲ್ಲಿ ವಿಕ್ಟೋರಿಯಾ ರಾಣಿಗೆ ಪೂರ್ವದೇಶದ ದೊಡ್ಡ ಕೋಳಿಗಳು ಉಡುಗೊರೆಯಾಗಿ ಬಂದ ಮೇಲೆ ಇಂಗ್ಲೆಂಡಿನಲ್ಲೂ ಅಮೆರಿಕದಲ್ಲೂ ಕೋಳಿ ಹುಚ್ಚು ಹಿಡಿಯಿತು. ಜೋಡಿಗೆ ಇಷ್ಟು ಅಂತ ಕೇಳಿದರೆ ಬೆಚ್ಚಿಬೀಳುವ ಬೆಲೆ, ಪ್ರದರ್ಶನಗಳು, ಬಹುಮಾನಗಳು. ಬೆಲೆಬಾಳುವ ಕೋಳಿಗೆ ಚಳಿಯಾಗಬಾರದು ಅಂತ ಸಂದುಗೊಂದು ಮುಚ್ಚಿದ ಬೆಚ್ಚನೆಯ ಮನೆ ಕಟ್ಟಿದರು. ಒಳಗೆ ತೇವ ಕಟ್ಟಿತು, ಕೋಳಿ ಕೆಮ್ಮಿ ಸತ್ತವು. ಪ್ರಿನ್ಸ್ ವುಡ್ಸ್ ಎಂಬ ಅಮೆರಿಕದ ಡಾಕ್ಟರು 1912ರಲ್ಲಿ ತೆರೆದ ಮುಖದ ಕೋಳಿಮನೆಗಳ ಬಗ್ಗೆಯೇ ಒಂದು ಪುಸ್ತಕ ಬರೆದರು. ಹಿಮ ಬೀಳುವ ಊರಲ್ಲೂ ಕೋಳಿಮನೆಯ ದಕ್ಷಿಣದ ಬದಿ ತೆರೆದೇ ಇರಲಿ, ಕೋಳಿ ಮಾತ್ರ ಗಾಳಿ ಬಡಿಯದ ಹಿಂಬದಿಯಲ್ಲಿ ಆಳಕ್ಕೆ ಕೂರಲಿ ಎಂಬುದು ಅವರ ವಾದ. ಒಣಗಿದ ಚಳಿಯನ್ನು ಕೋಳಿ ತಡೆಯುತ್ತದೆ, ಒದ್ದೆ ಬೆಚ್ಚಗನ್ನು ತಡೆಯುವುದಿಲ್ಲ. ತೆರೆದ ಮುಖಕ್ಕೆ ಬೇಕಾದ ಜಾಲಿ ಆ ಹೊತ್ತಿಗೆ ಹಳೆಯ ಸರಕು. ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಚಾರ್ಲ್ಸ್ ಬರ್ನಾರ್ಡ್ ಎಂಬಾತ 1844ರಲ್ಲಿ, ಬಟ್ಟೆ ನೇಯುವ ಮಗ್ಗದಿಂದ ಹೊಳೆದ ಉಪಾಯದಲ್ಲಿ, ಆರು ಮೂಲೆಯ ತಂತಿ ಬಲೆ ಹೆಣೆಯುವ ಯಂತ್ರ ಮಾಡಿದ್ದ.

ಮನುಷ್ಯರ ಗೂಡಿನ ಲೆಕ್ಕ ಅದಕ್ಕಿಂತ ಹಳತು. 1858ರಲ್ಲಿ ಮ್ಯೂನಿಕ್‌ನ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್, ಜನ ಸೇರಿದ ಕೋಣೆಗಳಲ್ಲಿ ಇಂಗಾಲದ ಡೈಆಕ್ಸೈಡ್ ಅಳೆದು, ಹತ್ತು ಲಕ್ಷಕ್ಕೆ ಸಾವಿರ ಭಾಗ ದಾಟಿದರೆ ಆ ಕೋಣೆಯ ಗಾಳಿ ಕೆಟ್ಟದ್ದು ಅಂತ ಗೆರೆ ಎಳೆದ. ಕೋವಿಡ್ ಆದ ಮೇಲೆ ನಮ್ಮ ಆಫೀಸಿನ ಮೀಟಿಂಗ್ ರೂಮುಗಳಲ್ಲಿ ಆ ಮೀಟರ್ ನೇತು ಹಾಕಿದ್ದಾರೆ. ಹನ್ನೆರಡು ಜನ ಕೂತ ಒಂದು ಗಂಟೆಯ ರಿವ್ಯೂ ಮುಗಿಯುವಾಗ ಅದು 1400 ತೋರಿಸುತ್ತದೆ. ಕೊನೆಯ ಅರ್ಧ ಗಂಟೆಯ ತೀರ್ಮಾನಗಳನ್ನು ನಾನು ಆಮೇಲೆ ಗಂಭೀರವಾಗಿ ತೆಗೆದುಕೊಂಡಿಲ್ಲ.

ಗೂಡಷ್ಟೇ ಅಲ್ಲ, ಕೋಳಿಯೂ ಬದಲಾಗಿದೆ, ಇದನ್ನೂ ನಾನು ಮರೆತಿದ್ದೆ. ಮನೆಕೋಳಿಯ ಮೂಲ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. ಸದ್ಯಕ್ಕೆ ಖಚಿತ ಅಂತ ಒಪ್ಪುವ ಅತಿ ಹಳೆಯ ಮನೆಕೋಳಿ ಮೂಳೆಗಳು ಸಿಕ್ಕಿದ್ದು ಥಾಯ್ಲೆಂಡಿನ ಬಾನ್ ನೋನ್ ವಾಟ್‌ನಲ್ಲಿ, ಕ್ರಿ.ಪೂ. 1650ರಿಂದ 1250ರ ನಡುವಿನವು. ಭತ್ತದ ಬೇಸಾಯ ಹರಡಿದಲ್ಲಿ, ಚೆಲ್ಲಿದ ಕಾಳಿಗಾಗಿ ಕಾಡುಕೋಳಿ ಮರ ಇಳಿದು ಬಂತು ಎನ್ನುತ್ತಾರೆ. ಆದರೆ ಕಾಲಿನ ಹಳದಿ ಬಣ್ಣ ಮಾತ್ರ ಆ ಕೋಳಿಯದ್ದಲ್ಲ. 2008ರಲ್ಲಿ ಪ್ರಕಟವಾದ ಜೀನ್ ಅಧ್ಯಯನದ ಪ್ರಕಾರ ಅದು ಬೂದು ಕಾಡುಕೋಳಿಯಿಂದ ಬಂದದ್ದು. ಬೂದು ಕಾಡುಕೋಳಿ ಅಂದರೆ ನಮ್ಮ ಕುದುರೆಮುಖದ ತಪ್ಪಲಿನಲ್ಲಿ, ಕಾರ್ಕಳದಿಂದ ಮಾಳ ಘಾಟಿ ಹತ್ತುವಾಗ ರಸ್ತೆ ದಾಟಿ ಓಡುವ ಅದೇ ಹಕ್ಕಿ. ಜಗತ್ತಿನ ಯಾವ ಮೂಲೆಯ ಹಳದಿ ಕಾಲಿನ ಕೋಳಿಯಲ್ಲೂ ಅದರ ಒಂದು ಚೂರು ಇದೆ. ಆ ಹಕ್ಕಿ ಈಗಲೂ ಆಟಿಯ ಮಳೆಯಲ್ಲಿ ಮರದ ಕೊಂಬೆಯ ಮೇಲೇ ಮಲಗುತ್ತದೆ. ಅಜ್ಜಿಯ ಕಾಲದ ಊರಕೋಳಿಗಳಲ್ಲೂ ಎರಡು ಮೂರು ಗೂಡಿಗೆ ಬಾರದೆ ಹಲಸಿನ ಮರಕ್ಕೇ ಹಾರುತ್ತಿದ್ದವು. ಅಂಕದ ಕೋಳಿ ಸಾಕುವವರಂತೂ ಗೂಡಿಗೆ ಹಾಕುವುದು ಅಪರೂಪ, ಒಂದೊಂದರ ಕಾಲಿಗೂ ಹಗ್ಗ ಕಟ್ಟಿ ಮರದಡಿ ನೆರಳಿನಲ್ಲಿ ಬಿಡುತ್ತಾರೆ. ಕೋಳಿ ಅಂಕ ಕಾನೂನಿಗೆ ವಿರುದ್ಧ, ನನಗೂ ಅದು ಇಷ್ಟವಿಲ್ಲ. ಆದರೆ ಹುಂಜದ ಉಸಿರಿನ ಬೆಲೆ ಗೊತ್ತಿದ್ದವರು ಅವರು.

ಗಿರಿರಾಜ ಹೆಬ್ಬಾಳದ ಕೂಸು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಪಶುವೈದ್ಯ ಕಾಲೇಜಿನಲ್ಲಿ 1980ರ ದಶಕದ ಕೊನೆಗೆ, ಹಿತ್ತಲಲ್ಲಿ ಸಾಕುವವರಿಗಾಗಿಯೇ ತಯಾರಾದ ತಳಿ. ಒಳ್ಳೆಯ ಕೋಳಿ, ಮೊಟ್ಟೆಯೂ ಹೆಚ್ಚು, ಮಾಂಸವೂ ಹೆಚ್ಚು. ಊರಕೋಳಿ ಒಂದೂವರೆ ಕಿಲೋ ಆದರೆ ಇದು ಸುಮಾರು ಎರಡರಷ್ಟು ತೂಗುತ್ತದೆ. ಅಂದರೆ ಬಿಸಿಯೂ ಹೆಚ್ಚು, ಹಿಕ್ಕೆಯೂ ಹೆಚ್ಚು, ಗಾಳಿಯೂ ಹೆಚ್ಚು ಬೇಕು. ಬೆವರಲು ಕೋಳಿಗೆ ಬೆವರುಗ್ರಂಥಿಯೇ ಇಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು. ಗಾಳಿ ತೇವವಾಗಿದ್ದರೆ ಅದೂ ನಡೆಯುವುದಿಲ್ಲ. ಊರಕೋಳಿಯ ಲೆಕ್ಕದ ಗೂಡಿಗಿಂತ ಸಣ್ಣ ಜಾಗದಲ್ಲಿ ನಾನು ಹನ್ನೆರಡು ಗಿರಿರಾಜ ತುಂಬಿಸಿದ್ದೆ.

ಸತ್ತದ್ದು ಐದು ಕೋಳಿ ತಾನೇ, ಇದಕ್ಕೆ ಇಷ್ಟುದ್ದ ಬರೆಯಬೇಕಾ ಅಂತ ನೀವು ಕೇಳಬಹುದು. ನಮ್ಮ ಜಿಲ್ಲೆಯ ಚರಿತ್ರೆಯಲ್ಲಿ ಗುತ್ತಿನ ಮನೆಗಳಿವೆ, ಬೀಡುಗಳಿವೆ, 1432ರ ಗೋಮಟನಿದ್ದಾನೆ. ಪಹಣಿಯಲ್ಲಿ ಬೆಳೆ ಇದೆ, ಮರ ಇದೆ. ಕೋಳಿ ಎಲ್ಲೂ ಇಲ್ಲ. ಯಾಕೆಂದರೆ ಅದು ಹೆಂಗಸರ ಲೆಕ್ಕ. ಗದ್ದೆಯ ದುಡ್ಡು ಅಜ್ಜನದ್ದು, ಮೊಟ್ಟೆಯ ದುಡ್ಡು ಅಜ್ಜಿಯದ್ದು. ಅಜ್ಜಿ ಅದನ್ನು ಪಿಗ್ಮಿಗೆ ಕಟ್ಟುತ್ತಿದ್ದರು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಶುರು ಮಾಡಿದ ಯೋಜನೆ ಅದು, ಏಜೆಂಟರು ಮನೆಬಾಗಿಲಿಗೆ ಬಂದು ದಿನದ ಚಿಲ್ಲರೆ ಕೊಂಡುಹೋಗುವುದು. ನನ್ನ ಮೊದಲ ಸೆಮಿಸ್ಟರಿನ ಫೀಸಿನಲ್ಲಿ ಅಮ್ಮನ ಪಿಗ್ಮಿ ಪುಸ್ತಕದ ದುಡ್ಡು ಸೇರಿತ್ತು, ಅಂದರೆ ಕೋಳಿಯ ದುಡ್ಡು. ಆ ಬ್ಯಾಂಕು ಕೆನರಾ ಬ್ಯಾಂಕಿನೊಳಗೆ ವಿಲೀನವಾದದ್ದು 2020ರ ಏಪ್ರಿಲ್ 1ಕ್ಕೆ, ನಾನು ಮನೆಯಲ್ಲಿ ಕೂತು ಬ್ಲಾಕ್ ಎಷ್ಟು ಬೇಕು ಅಂತ ಲೆಕ್ಕ ಹಾಕುತ್ತಿದ್ದ ಆ ದಿನಗಳಲ್ಲೇ.

ಅಮ್ಮನಿಗೆ ಇದೆಲ್ಲ ಗೊತ್ತಿತ್ತು. ಒಂದು ಸಂಜೆ ಕೇಳಿದೆ, "ಹಲಗೆ ಹಾಕಿದರೆ ಗಾಳಿ ಆಡುದಿಲ್ಲ ಅಂತ ನಿಮಗೆ ಗೊತ್ತಿತ್ತಾ ಅಮ್ಮ?"

"ಗೊತ್ತಿತ್ತು."

"ಮತ್ತೆ ಹೇಳ್ಲಿಲ್ಲ ಯಾಕೆ?"

"ನೀನು ಇಂಜಿನಿಯರ್ ಅಲ್ವಾ ಮಗಾ. ಏನಾದರೂ ಮಾಡಿರ್ತಿ ಅಂತ ಅಂದ್ಕೊಂಡೆ."

ಈ ಮಾತು ನನಗೆ ಸತ್ತ ಕೋಳಿಗಳಿಗಿಂತ ಜಾಸ್ತಿ ಚುಚ್ಚಿತು, ಈಗಲೂ ಚುಚ್ಚುತ್ತದೆ.

ಗೂಡನ್ನು ಸರಿ ಮಾಡಿದೆವು. ಮೇಲಿನ ಎರಡು ಸಾಲು ಬ್ಲಾಕ್ ನಾಲ್ಕೂ ಬದಿಯಲ್ಲಿ ಒಡೆಸಿ, ಅರ್ಧ ಇಂಚಿನ ವೆಲ್ಡ್ ಜಾಲಿ ಹಾಕಿಸಿದೆ. ಆರು ಮೂಲೆಯ ಕೋಳಿಜಾಲಿ ಕೋಳಿಯನ್ನು ಒಳಗಿಡುತ್ತದೆ, ಹಾವನ್ನು ಹೊರಗಿಡುವುದಿಲ್ಲ. ಕಣ್ಣು ದೊಡ್ಡದು, ತಂತಿ ತೆಳು. ಶೀಟ್ ತೆಗೆದು ಪಕ್ಕಾಸು ಇಳಿಸಿ ಹೆಂಚು ಹೊದೆಸಿದೆವು, ಸೂರು ಎರಡಡಿ. ಸಿಮೆಂಟ್ ನೆಲದಿಂದ ಒಂದಡಿ ಮೇಲೆ ಸಲಾಕೆಯ ಅಟ್ಟ, ಕೆಳಗೆ ಬೂದಿ. ಈಗ ಒಲೆ ಇಲ್ಲ, ಗ್ಯಾಸ್ ಗೀಸರ್ ಬಂದಿದೆ, ಬೂದಿಯನ್ನು ಅಮ್ಮ ಪಕ್ಕದ ಮನೆಯಿಂದ ತರುತ್ತಾರೆ. ಹೊಗೆಗೆ ಬದಲಿ ಇಲ್ಲ, ಕೋಳಿಹೇನಿಗೆ ವರ್ಷಕ್ಕೆರಡು ಸಲ ಔಷಧಿ ಹೊಡೆಯಲೇಬೇಕು. ಹನ್ನೆರಡರ ಜಾಗಕ್ಕೆ ಈಗ ಏಳು. ಮುಂದಿನ ಆಟಿಯಲ್ಲಿ ಒಂದೂ ಸಾಯಲಿಲ್ಲ. ತಲೆ ಹಾಕಿ ಕೂತು ನೋಡುವ ಪರೀಕ್ಷೆಯನ್ನು ನಾನು ಈಗಲೂ ಊರಿಗೆ ಹೋದಾಗಲೆಲ್ಲ ಮಾಡುತ್ತೇನೆ. ಮಣಿಪಾಲದ ಫ್ಲಾಟಿನಲ್ಲಿರುವ ಅಕ್ಕನ ಮಕ್ಕಳಿಗೆ ಅದು ದೊಡ್ಡ ತಮಾಷೆ.

ಹೆಬ್ಬಾವು ಮಾತ್ರ ಒಮ್ಮೆ ಬಂದಿತ್ತು. ಜಾಲಿಗೆ ಸುತ್ತಿ ಇಡೀ ರಾತ್ರಿ ಪ್ರಯತ್ನ ಮಾಡಿ, ಬೆಳಿಗ್ಗೆ ಸೂರಿನ ಮೇಲೆ ಮಲಗಿತ್ತು. ಕೋಳಿಗಳು ಒಳಗೆ ಒಂದು ಮೂಲೆಗೆ ಒತ್ತಿ ಕೂತಿದ್ದವು. ಎರಡು ದಿನ ಮೊಟ್ಟೆ ಇಡಲಿಲ್ಲ.

ಈ ವರ್ಷ ಹಳೆಯ ಮನೆಯನ್ನು ಕೆಡವಿ ತಾರಸಿ ಮನೆ ಕಟ್ಟಿಸುತ್ತಿದ್ದೇವೆ. ಪಕ್ಕಾಸಿಗೆ ಗೆದ್ದಲು ಹಿಡಿದಿದೆ, ಹೆಂಚು ಮಗುಚಲು ಜನ ಸಿಗುವುದಿಲ್ಲ, ಅಮ್ಮನಿಗೆ ಮಂಗಗಳ ಕಾಟ ಸಾಕಾಗಿದೆ. ಹೊಸ ಮನೆಯ ಪ್ಲಾನಿನಲ್ಲಿ ಅಲ್ಯುಮಿನಿಯಂ ಸ್ಲೈಡಿಂಗ್ ಕಿಟಕಿ, ಅಮ್ಮನ ಕೋಣೆಗೆ ಎಸಿ. ಈಗ ಅವರು ತಾತ್ಕಾಲಿಕವಾಗಿ ಇರುವ ಬಾಡಿಗೆ ಮನೆಯೂ ಹಾಗೇ, ಅಲ್ಲಿ ರಾತ್ರಿ ಉಸಿರು ಕಟ್ಟುತ್ತದೆ ಅಂತ ಬಾಗಿಲು ತೆರೆದು ಸಿಟೌಟಿನಲ್ಲಿ ಚಾಪೆ ಹಾಕಿ ಮಲಗುತ್ತಾರೆ. ಕಳೆದ ವಾರ ನಾನು ಕಂಟ್ರಾಕ್ಟರಿಗೆ ಫೋನ್ ಮಾಡಿ ಪ್ರತಿ ಕೋಣೆಯ ಗೋಡೆಯಲ್ಲೂ ತಾರಸಿಯ ಕೆಳಗೆ, ಎದುರುಬದುರಾಗಿ, ಗಾಳಿಕಿಂಡಿ ಬಿಡಿ ಅಂದೆ. "ಎಸಿ ಹಾಕುವ ರೂಮಿಗೆ ಕಿಂಡಿ ಯಾರು ಇಡ್ತಾರೆ ಸಾರ್, ತಂಪು ಎಲ್ಲ ಹೊರಗೆ ಹೋಗ್ತದೆ" ಅಂದರು. ಮುಚ್ಚಲು ತೆರೆಯಲು ಬರುವ ಹಾಗೆ ಇಡುವುದು ಅಂತ ಕೊನೆಗೆ ಮಾತಾಯಿತು. ಒಂದೊಂದು ಕಿಂಡಿಗೆ ಎಕ್ಸ್‌ಟ್ರಾ ಎಷ್ಟು ಅಂತ ಅವರು ಇನ್ನೂ ಹೇಳಿಲ್ಲ.

ಇಳಿಸಿದ ಹೆಂಚುಗಳನ್ನು ಹೋಮ್‌ಸ್ಟೇ ಕಟ್ಟುವವರೊಬ್ಬರು ಒಳ್ಳೆಯ ರೇಟಿಗೆ ಕೇಳಿದ್ದಾರೆ. ಕೊಡುವ ಮೊದಲು ಅಮ್ಮ ಅಚ್ಚು ಸರಿಯಾಗಿರುವ, ಬಿರುಕು ಇಲ್ಲದ ನಲವತ್ತು ಹೆಂಚುಗಳನ್ನು ಆರಿಸಿ ಗೂಡಿನ ಹಿಂದೆ ನಿಲ್ಲಿಸಿ ಇಟ್ಟಿದ್ದಾರೆ. ಕೋಳಿಗೂಡಿಗೆ ಬೇಕಾಗ್ತದೆ ಅಂತ.